ಮೈಲುತುತ್ತಕ್ಕೆ ಎಷ್ಟು ಸುಣ್ಣ? ಬೋರ್ಡೋ ಡ್ರಮ್ಮಿನೊಳಗಿನ ಆಮ್ಲ, ಪ್ರತ್ಯಾಮ್ಲ

ಮೇ ತಿಂಗಳ ಕೊನೆಗೆ, ಮಳೆ ಹಿಡಿಯುವ ಮೊದಲು, ಮಲೆನಾಡು ಮತ್ತು ಕರಾವಳಿಯ ಅಡಿಕೆ ತೋಟಗಳಲ್ಲಿ ಒಂದೇ ಗಡಿಬಿಡಿ. ಕೊಳೆ ಔಷಧಿ, ಅಂದರೆ ಅಡಿಕೆ ಕಾಯಿ ಕೊಳೆಯುವ ರೋಗಕ್ಕೆ ಮದ್ದು, ಹೊಡೆಯಬೇಕು. ಒಂದು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಮೈಲುತುತ್ತ ಕರಗಿಸಿದ ನೀಲಿ ನೀರು. ಇನ್ನೊಂದರಲ್ಲಿ ಸುಣ್ಣದ ಬಿಳಿ ನೀರು. ಎರಡೂ ಸೇರಿದರೆ ಬೋರ್ಡೋ ದ್ರಾವಣ. ಸೇರಿಸಿ ಕಲಕಿದ ಮೇಲೆ ಯಾರಾದರೂ ಒಬ್ಬರು ಚೆನ್ನಾಗಿ ಉಜ್ಜಿದ ಕತ್ತಿಯನ್ನು ಅದರಲ್ಲಿ ಒಂದು ನಿಮಿಷ ಅದ್ದಿ ತೆಗೆಯುತ್ತಾರೆ. ಅಲಗಿನ ಮೇಲೆ ಕೆಂಪು ಕೂತಿದ್ದರೆ ಸುಣ್ಣ ಸಾಲದು ಅಂತ ಅರ್ಥ. ಇನ್ನೊಂದು ಚೊಂಬು ಸುಣ್ಣದ ನೀರು ಬೀಳುತ್ತದೆ. ಅಲಗು ಹಾಗೇ ಹೊಳೆಯುತ್ತಿದ್ದರೆ ಔಷಧಿ ಹೊಡೆಯುವ ಗಟಾರ್ ಪಂಪು ಶುರು.

ಶಾಲೆಯಲ್ಲಿ ಆಮ್ಲ, ಪ್ರತ್ಯಾಮ್ಲ, ಲವಣ ಅಂತ ಓದಿದ ಪಾಠ ಪೂರ್ತಿ ಈ ಡ್ರಮ್ಮಿನೊಳಗಿದೆ. ಪಾಠದಲ್ಲಿ ಸಾಮಾನ್ಯವಾಗಿ ಹಾರಿಸಿಬಿಡುವ ಒಂದು ಮುಖ್ಯ ವಿಷಯವೂ ಇದೆ. ಒಂದು ದ್ರಾವಣ ಈಗ ಎಷ್ಟು ಹುಳಿಯಾಗಿದೆ ಅನ್ನುವುದು ಒಂದು ಪ್ರಶ್ನೆ. ಅದರಲ್ಲಿ ಒಟ್ಟು ಎಷ್ಟು ಹುಳಿ ಇದೆ ಅನ್ನುವುದು ಬೇರೆ ಪ್ರಶ್ನೆ. ಇವೆರಡನ್ನೂ ಒಂದೇ ಅಂದುಕೊಂಡರೆ ಸುಣ್ಣದ ಲೆಕ್ಕ ತಪ್ಪುತ್ತದೆ. ಡ್ರಮ್ಮಿನಲ್ಲೂ ತಪ್ಪುತ್ತದೆ, ಮಣ್ಣಿನಲ್ಲೂ ತಪ್ಪುತ್ತದೆ.

ಹುಳಿಯ ಮೂಲ ಯಾವುದು

ನಿಂಬೆಯಲ್ಲಿ ಸಿಟ್ರಿಕ್ ಆಮ್ಲ, ಹುಣಸೆಯಲ್ಲಿ ಟಾರ್ಟಾರಿಕ್ ಆಮ್ಲ, ಮೊಸರಿನಲ್ಲಿ ಲ್ಯಾಕ್ಟಿಕ್ ಆಮ್ಲ. ಮಲೆನಾಡಿನ ಚಗಳಿ ಚಟ್ನಿಯ ಹುಳಿ ಇರುವೆಯ ಮೈಯಲ್ಲಿರುವ ಫಾರ್ಮಿಕ್ ಆಮ್ಲದ್ದು. ಇವೆಲ್ಲ ಬೇರೆ ಬೇರೆ ವಸ್ತುಗಳು. ನಾಲಿಗೆಗೆ ಮಾತ್ರ ಎಲ್ಲವೂ ಹುಳಿ. ಹಾಗಾದರೆ ಇವುಗಳಲ್ಲಿ ಸಾಮಾನ್ಯವಾಗಿ ಇರುವುದೇನು?

ಈ ಪ್ರಶ್ನೆಗೆ ಉತ್ತರ ಸಿಗಲು ತುಂಬ ಕಾಲ ಹಿಡಿಯಿತು. 1664ರಲ್ಲಿ ರಾಬರ್ಟ್ ಬಾಯ್ಲ್ ಹೂವಿನ ರಸದ ಬಣ್ಣ ಬದಲಾಗುವುದನ್ನು ನೋಡಿ ಆಮ್ಲ ಗುರುತಿಸುವ ದಾರಿ ಬರೆದಿಟ್ಟರು. ನೂರು ವರ್ಷಕ್ಕೂ ಜಾಸ್ತಿ ಆದ ಮೇಲೆ ಲಾವೋಸಿಯರ್ ಎಲ್ಲ ಆಮ್ಲಗಳ ಮೂಲ ಆಕ್ಸಿಜನ್ ಅಂದರು. ಅದು ತಪ್ಪು. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಕ್ಸಿಜನ್ ಇಲ್ಲವೇ ಇಲ್ಲ ಎಂದು ಹಂಫ್ರಿ ಡೇವಿ 1810ರ ಹೊತ್ತಿಗೆ ತೋರಿಸಿದರು. ಕೊನೆಗೆ ಎಲ್ಲದರಲ್ಲೂ ಸಿಕ್ಕಿದ್ದು ಹೈಡ್ರೋಜನ್. 1884ರಲ್ಲಿ ಸ್ವೀಡನ್ನಿನ ಸ್ವಾಂಟೆ ಅರೇನಿಯಸ್ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ಒಂದು ದಿಟ್ಟ ಮಾತು ಹೇಳಿದರು. ಕೆಲವು ವಸ್ತುಗಳು ನೀರಿಗೆ ಬಿದ್ದ ತಕ್ಷಣ ವಿದ್ಯುತ್ ಹೊತ್ತ ಚೂರುಗಳಾಗಿ ಬಿಡಿಸಿಕೊಳ್ಳುತ್ತವೆ ಅನ್ನುವುದು ಅದರ ತಿರುಳು. ಆ ಚೂರುಗಳೇ ಅಯಾನುಗಳು. ಪರೀಕ್ಷಕರಿಗೆ ಅದು ಅಷ್ಟಾಗಿ ರುಚಿಸಲಿಲ್ಲ, ಪ್ರಬಂಧಕ್ಕೆ ಕಡಿಮೆ ದರ್ಜೆ ಕೊಟ್ಟರು. ಅದೇ ಕೆಲಸಕ್ಕೆ 1903ರಲ್ಲಿ ನೊಬೆಲ್ ಬಂತು.

ಅವರ ವಿವರಣೆ ಸರಳ. ನೀರಿನಲ್ಲಿ ಹೈಡ್ರೋಜನ್ ಅಯಾನು ಬಿಟ್ಟುಕೊಡುವುದು ಆಮ್ಲ. ಹೈಡ್ರಾಕ್ಸೈಡ್ ಅಯಾನು ಬಿಟ್ಟುಕೊಡುವುದು ಪ್ರತ್ಯಾಮ್ಲ. ಹೈಡ್ರೋಜನ್ ಪರಮಾಣುವಿನಲ್ಲಿ ಇರುವುದೇ ಒಂದು ಪ್ರೋಟಾನ್ ಮತ್ತು ಒಂದು ಎಲೆಕ್ಟ್ರಾನ್. ಎಲೆಕ್ಟ್ರಾನ್ ಹೋದರೆ ಉಳಿಯುವುದು ಬರೀ ಪ್ರೋಟಾನ್. ಅದು ನೀರಿನಲ್ಲಿ ಒಂಟಿಯಾಗಿ ಓಡಾಡುವುದಿಲ್ಲ. ಕೂಡಲೇ ಹತ್ತಿರದ ನೀರಿನ ಅಣುವಿಗೆ ಅಂಟಿಕೊಳ್ಳುತ್ತದೆ, ಅಲ್ಲಿಂದ ಪಕ್ಕದ ಅಣುವಿಗೆ ದಾಟುತ್ತದೆ. 1923ರಲ್ಲಿ ಕೋಪನ್‌ಹೇಗನ್ನಿನ ಬ್ರಾನ್‌ಸ್ಟೆಡ್ ಮತ್ತು ಇಂಗ್ಲೆಂಡಿನ ಲೌರಿ, ಒಬ್ಬರಿಗೊಬ್ಬರು ಗೊತ್ತಿಲ್ಲದೆ, ಇದನ್ನೇ ಇನ್ನೂ ಚೊಕ್ಕ ಮಾಡಿದರು. ಪ್ರೋಟಾನ್ ಕೊಡುವುದು ಆಮ್ಲ, ತೆಗೆದುಕೊಳ್ಳುವುದು ಪ್ರತ್ಯಾಮ್ಲ. ಇಡೀ ವಿಷಯ ಒಂದು ಕೊಡು-ಕೊಳ್ಳುವ ವ್ಯವಹಾರ. ಕೊಡುವವರಿದ್ದಾಗ ತೆಗೆದುಕೊಳ್ಳುವವರೂ ಇರಲೇಬೇಕು, ಅಲ್ವಾ?

ಸುಣ್ಣ, ಒಲೆಯ ಬೂದಿ, ಅಡುಗೆ ಸೋಡಾ, ಸಾಬೂನು ಇವೆಲ್ಲ ತೆಗೆದುಕೊಳ್ಳುವ ಪಂಗಡ. ಸುಣ್ಣದ ನೀರು ಬೆರಳ ನಡುವೆ ಜಾರುತ್ತದೆ. ಚರ್ಮದ ಮೇಲಿನ ಎಣ್ಣೆಯನ್ನೇ ಅದು ಸ್ವಲ್ಪ ಸ್ವಲ್ಪ ಸಾಬೂನು ಮಾಡುತ್ತಿರುತ್ತದೆ, ಅದಕ್ಕೇ ಆ ಜಾರು. ಆಮ್ಲ ಮತ್ತು ಪ್ರತ್ಯಾಮ್ಲ ಸೇರಿದಾಗ ಹೈಡ್ರೋಜನ್ ಅಯಾನು, ಹೈಡ್ರಾಕ್ಸೈಡ್ ಅಯಾನು ಕೂಡಿ ನೀರಾಗುತ್ತದೆ. ಶಾಖ ಹೊರಬರುತ್ತದೆ. ಉಳಿದ ಎರಡು ಅಯಾನುಗಳು ಸೇರಿದ್ದು ಲವಣ. ಅಡುಗೆ ಉಪ್ಪು ಅಂಥ ಒಂದು ಲವಣ, ಅಷ್ಟೇ. ಮೈಲುತುತ್ತವೂ ಒಂದು ಲವಣ.

ಹೈಡ್ರೋಜನ್ ಇಲ್ಲದ ಹುಳಿ

ಇಲ್ಲಿ ಒಂದು ತೊಡಕು ಬರುತ್ತದೆ. ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್. ಅದರಲ್ಲಿ ತಾಮ್ರ ಇದೆ, ಗಂಧಕ ಇದೆ, ಆಕ್ಸಿಜನ್ ಇದೆ. ಹರಳಿನೊಳಗೆ ಸೇರಿಕೊಂಡ ನೀರೂ ಇದೆ. ಕೊಡಲು ತನ್ನದೇ ಆದ ಹೈಡ್ರೋಜನ್ ಇಲ್ಲ. ಆದರೂ ಮೈಲುತುತ್ತದ ನೀರಿಗೆ ನೀಲಿ ಲಿಟ್ಮಸ್ ಅದ್ದಿದರೆ ಕೆಂಪಾಗುತ್ತದೆ. ಒಂದು ಕೆಜಿ ತುತ್ತವನ್ನು 100 ಲೀಟರ್ ನೀರಿಗೆ ಹಾಕಿದರೆ ಹುಳಿಯ ಅಳತೆಯಾದ ಪಿಎಚ್ 4ರ ಆಸುಪಾಸಿಗೆ ಬರುತ್ತದೆ. ಲವಣ ಅಂದರೆ ತಟಸ್ಥ ಅಂತ ಓದಿದ್ದೆವಲ್ಲ, ಇದೇನಿದು?

ತಾಮ್ರದ ಅಯಾನು ಹೊತ್ತಿರುವುದು ಎರಡು ಧನ ವಿದ್ಯುದಂಶ, ಗಾತ್ರವೋ ಚಿಕ್ಕದು. ನೀರಿಗೆ ಬಿದ್ದ ಕೂಡಲೇ ಅದು ಆರು ನೀರಿನ ಅಣುಗಳನ್ನು ತನ್ನ ಸುತ್ತ ಹಿಡಿದುಕೊಳ್ಳುತ್ತದೆ. ಆ ನೀಲಿ ಬಣ್ಣ ಬರುವುದೂ ಈ ನೀರಿನ ಕೂಟದಿಂದಲೇ. ಹಿಡಿದುಕೊಂಡು ಸುಮ್ನೆ ಇರುವುದಿಲ್ಲ. ನೀರಿನ ಆಕ್ಸಿಜನ್ ಕಡೆಯಿಂದ ಎಲೆಕ್ಟ್ರಾನುಗಳನ್ನು ತನ್ನತ್ತ ಎಳೆಯುತ್ತದೆ. ಆಕ್ಸಿಜನ್‌ಗೆ ಕೊರತೆ ಆದಾಗ ಅದು ತನ್ನ ಹೈಡ್ರೋಜನ್ ಮೇಲಿನ ಹಿಡಿತ ಸಡಿಲ ಮಾಡುತ್ತದೆ. ಆಗ ಒಂದು ಪ್ರೋಟಾನ್ ಕಳಚಿ ಪಕ್ಕದ ನೀರಿಗೆ ದಾಟುತ್ತದೆ. ಹೈಡ್ರೋಜನ್ ಬಂದದ್ದು ನೀರಿನಿಂದ, ಬಿಡಿಸಿದ್ದು ತಾಮ್ರ. ಈ ಅಂಶ ನೆನಪಿರಲಿ. ಅಡಿಕೆ ತೋಟದ ಮಣ್ಣು ಹುಳಿಯಾಗುವುದರಲ್ಲೂ ಇದೇ ಕೈಚಳಕ ಇದೆ, ಅಲ್ಲಿ ತಾಮ್ರದ ಬದಲು ಅಲ್ಯೂಮಿನಿಯಂ ಇರುತ್ತದೆ.

ಪಿಎಚ್ ಹೇಳುವುದೇನು, ಹೇಳದೆ ಬಿಡುವುದೇನು

ಪಿಎಚ್ ಅಳತೆ ಬಂದದ್ದು ಬಿಯರ್ ಕಂಪನಿಯ ಪ್ರಯೋಗಾಲಯದಿಂದ. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿದ್ದ ಸೋರೆನ್‌ಸೆನ್ 1909ರಲ್ಲಿ ಇದನ್ನು ತಂದರು. ಹೈಡ್ರೋಜನ್ ಅಯಾನುಗಳ ಪ್ರಮಾಣ ಬರೆಯಲು ಸೊನ್ನೆಗಳ ಸಾಲೇ ಬೇಕಾಗುತ್ತಿತ್ತು. ಅವರು ಆ ಸೊನ್ನೆಗಳನ್ನು ಎಣಿಸುವ ಒಂದು ಸಣ್ಣ ಸಂಖ್ಯೆ ಮಾಡಿಕೊಟ್ಟರು.

ಶುದ್ಧ ನೀರಿನಲ್ಲೂ ಕೆಲವು ಅಣುಗಳು ತಾವಾಗಿಯೇ ಒಡೆಯುತ್ತವೆ. ಎಷ್ಟು ಕಡಿಮೆ ಅಂದರೆ, ಸುಮಾರು 55 ಕೋಟಿ ನೀರಿನ ಅಣುಗಳಲ್ಲಿ ಒಂದು. ಹೈಡ್ರೋಜನ್ ಅಯಾನು, ಹೈಡ್ರಾಕ್ಸೈಡ್ ಅಯಾನು ಅಲ್ಲಿ ಸಮ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆ ಸ್ಥಿತಿಗೆ ಪಿಎಚ್ 7. ಅದಕ್ಕಿಂತ ಕೆಳಗೆ ಆಮ್ಲ, ಮೇಲೆ ಪ್ರತ್ಯಾಮ್ಲ. ಒಂದು ಅಂಕ ಇಳಿದರೆ ಹೈಡ್ರೋಜನ್ ಅಯಾನು ಹತ್ತು ಪಟ್ಟು ಏರುತ್ತದೆ. ಹಾಗಾಗಿ ಪಿಎಚ್ 4ರ ನೀರು ಪಿಎಚ್ 5ರದ್ದಕ್ಕಿಂತ ಸ್ವಲ್ಪ ಜಾಸ್ತಿ ಹುಳಿ ಅಲ್ಲ, ಹತ್ತು ಪಟ್ಟು ಹುಳಿ. ಪಿಎಚ್ 7ರ ನೀರಿಗೆ ಹೋಲಿಸಿದರೆ ಸಾವಿರ ಪಟ್ಟು. ನಿಂಬೆರಸ 2ರ ಹತ್ತಿರ. ಹಾಲು 6.6ರ ಸುತ್ತ, ಮೊಸರಾದ ಮೇಲೆ 4.5ರ ಸುತ್ತ. ನಮ್ಮ ರಕ್ತ 7.35ರಿಂದ 7.45ರ ನಡುವೆ. ಸುಣ್ಣದ ತಿಳಿನೀರು 12.4.

ಈಗ ಡ್ರಮ್ಮಿಗೆ ವಾಪಸ್ ಬರೋಣ. ಇಲ್ಲಿ ಒಂದು ಲೆಕ್ಕ ಮಾಡಿದರೆ ವಿಷಯ ಪೂರ್ತಿ ಬಿಡಿಸಿಕೊಳ್ಳುತ್ತದೆ. ಕಣಗಳನ್ನು ಲೆಕ್ಕ ಹಾಕಲು ರಸಾಯನಶಾಸ್ತ್ರದಲ್ಲಿ ಮೋಲ್ ಅನ್ನುವ ಒಂದು ಎಣಿಕೆಯ ಅಳತೆ ಇದೆ, ಡಜನ್ ಇದ್ದ ಹಾಗೆ. 100 ಲೀಟರ್ ತುತ್ತದ ನೀರು, ಪಿಎಚ್ 4. ಅಂದರೆ ಒಂದು ಲೀಟರಿನಲ್ಲಿ ಒಂದು ಮೋಲ್‌ನ ಹತ್ತು ಸಾವಿರದಲ್ಲಿ ಒಂದು ಪಾಲು ಹೈಡ್ರೋಜನ್ ಅಯಾನು. 100 ಲೀಟರಿಗೆ 0.01 ಮೋಲ್. ಸುಣ್ಣದ ಒಂದು ಮೋಲ್, ಅಂದರೆ 74 ಗ್ರಾಂ, ಎರಡು ಮೋಲ್ ಹೈಡ್ರೋಜನ್ ಅಯಾನನ್ನು ಹೀರಿಕೊಳ್ಳಬಲ್ಲದು. ಹಾಗಾದರೆ ಈ 0.01 ಮೋಲ್‌ಗೆ ಬೇಕಾದ ಸುಣ್ಣ 0.37 ಗ್ರಾಂ. ಅರ್ಧ ಗ್ರಾಂ ಕೂಡ ಇಲ್ಲ. ಉಗುರಿನ ತುದಿಯಲ್ಲಿ ತೆಗೆದು ಎಲೆಗೆ ಸವರುವಷ್ಟು.

ಅಷ್ಟು ಹಾಕಿ ನೋಡಿ, ಏನೂ ಆಗುವುದಿಲ್ಲ. ಆ ಅರ್ಧ ಗ್ರಾಂ ಸುಣ್ಣ ಇದ್ದ ಹೈಡ್ರೋಜನ್ ಅಯಾನುಗಳನ್ನು ಹೀರಿದ ತಕ್ಷಣ ತಾಮ್ರ ಇನ್ನಷ್ಟು ನೀರಿನಿಂದ ಇನ್ನಷ್ಟು ಪ್ರೋಟಾನ್ ಬಿಡಿಸಿ ಕೊಡುತ್ತದೆ. ಅದನ್ನೂ ಹೀರಿದರೆ ಮತ್ತೆ ಕೊಡುತ್ತದೆ. ತಾಮ್ರ ಪೂರ್ತಿ ಮುಗಿಯುವವರೆಗೂ ಇದು ನಡೆಯುತ್ತದೆ. ಒಂದು ಕೆಜಿ ಮೈಲುತುತ್ತದಲ್ಲಿ ಇರುವ ತಾಮ್ರ ಸುಮಾರು 4 ಮೋಲ್. ಅದಕ್ಕೆ ಬೇಕಾದ ಶುದ್ಧ ಅರಳಿದ ಸುಣ್ಣ ಸುಮಾರು 300 ಗ್ರಾಂ. ಪಿಎಚ್ ನೋಡಿ ಹಾಕಿದ ಲೆಕ್ಕಕ್ಕೂ ಇದಕ್ಕೂ ಎಂಟುನೂರು ಪಟ್ಟು ವ್ಯತ್ಯಾಸ.

ಅಂಗಳದಲ್ಲಿ ಒಣಗಲು ಹರವಿದ ಅಡಿಕೆ ನೋಡಿ ಆ ಮನೆಯ ಬೆಳೆ ಇಷ್ಟೇ ಅಂದರೆ ತಪ್ಪಾಗುತ್ತದೆ, ಅಟ್ಟದ ಮೇಲೆ ಎಷ್ಟು ಮೂಟೆ ಇದೆಯೋ ಯಾರಿಗೆ ಗೊತ್ತು. ಪಿಎಚ್ ತೋರಿಸುವುದು ಅಂಗಳವನ್ನು ಮಾತ್ರ.

ಅಡುಗೆಮನೆಯಲ್ಲೂ ಹೀಗೇ. ವಿನೆಗರ್‌ನಲ್ಲಿರುವ ಅಸಿಟಿಕ್ ಆಮ್ಲ ದುರ್ಬಲ ಆಮ್ಲ. ಅದರ ನೂರು ಅಣುಗಳಲ್ಲಿ ಸುಮಾರು ಒಂದು ಮಾತ್ರ ಪ್ರೋಟಾನ್ ಬಿಟ್ಟುಕೊಟ್ಟಿರುತ್ತದೆ, ಉಳಿದವು ಹಿಡಿದುಕೊಂಡೇ ಇರುತ್ತವೆ. ಟಾಯ್ಲೆಟ್ ತೊಳೆಯುವ ಆಸಿಡ್‌ನಲ್ಲಿರುವ ಹೈಡ್ರೋಕ್ಲೋರಿಕ್ ಪ್ರಬಲ ಆಮ್ಲ, ಎಲ್ಲವನ್ನೂ ಬಿಟ್ಟುಕೊಡುತ್ತದೆ. ಎರಡರದ್ದೂ ಒಂದೇ ಸಾಂದ್ರತೆಯ ನೀರು ಮಾಡಿದರೆ, ಲೀಟರಿಗೆ 0.1 ಮೋಲ್ ಇದ್ದಾಗ, ಒಂದರ ಪಿಎಚ್ 1, ಇನ್ನೊಂದರದ್ದು 2.9. ಆದರೆ ತಟಸ್ಥ ಮಾಡಲು ಎರಡಕ್ಕೂ ಬೇಕಾದ ಸುಣ್ಣ ಒಂದೇ. ದುರ್ಬಲ ಅಂದರೆ ಕಡಿಮೆ ಇದೆ ಅಂತ ಅರ್ಥವಲ್ಲ, ಒಂದು ಹೊತ್ತಿಗೆ ಸ್ವಲ್ಪ ಪಾಲನ್ನು ಮಾತ್ರ ಬಿಟ್ಟುಕೊಟ್ಟಿರುತ್ತದೆ ಅಂತ ಅರ್ಥ.

ಹಾಗಾದರೆ ಒಂದು ಕೆಜಿ ಸುಣ್ಣ ಯಾಕೆ

ಒಂದು ಪರ್ಸೆಂಟ್ ಬೋರ್ಡೋಗೆ ಎಲ್ಲರೂ ಹೇಳುವ ಅಳತೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, 100 ಲೀಟರ್ ನೀರು. ಲೆಕ್ಕದಲ್ಲಿ 300 ಗ್ರಾಂ ಸಾಕು, ಮತ್ತೆ ಒಂದು ಕೆಜಿ ಯಾಕೆ?

ಉತ್ತರ ಸುಣ್ಣದ ಸ್ವಭಾವದಲ್ಲೇ ಇದೆ. ಸುಣ್ಣದ ಕಲ್ಲು ಅಥವಾ ಕಡಲ ಚಿಪ್ಪು, ಎರಡೂ ಕ್ಯಾಲ್ಸಿಯಂ ಕಾರ್ಬೊನೇಟ್. ಗೂಡಿನಲ್ಲಿ ಸುಮಾರು 900 ಡಿಗ್ರಿಗೆ ಸುಟ್ಟರೆ ಕಾರ್ಬನ್ ಡೈಆಕ್ಸೈಡ್ ಹಾರಿ ಹೋಗುತ್ತದೆ. ಉಳಿಯುವುದು ಸುಟ್ಟ ಸುಣ್ಣ. ಅದಕ್ಕೆ ನೀರು ಹಾಕಿದರೆ ಬುಸುಗುಟ್ಟಿ, ಬಿಸಿಯಾಗಿ ಅರಳಿದ ಸುಣ್ಣ ಆಗುತ್ತದೆ. ಇದೇ ನಮಗೆ ಬೇಕಾದ ಪ್ರತ್ಯಾಮ್ಲ. ಆದರೆ ಅದು ಹಾಗೇ ಇರುವುದಿಲ್ಲ. ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡ್ ಹೀರಿ ಮತ್ತೆ ಕಾರ್ಬೊನೇಟ್ ಆಗುತ್ತದೆ, ಹುಟ್ಟಿದ ಜಾಗಕ್ಕೇ ಹಿಂದಿರುಗುತ್ತದೆ. ಗೋಡೆಗೆ ಬಳಿದಾಗ ಇದು ಒಳ್ಳೆಯದು, ಸುಣ್ಣ ಗಟ್ಟಿಯಾಗಿ ಹಿಡಿಯುವುದೇ ಹೀಗೆ. ಬೋರ್ಡೋಗೆ ಇದು ಕೆಟ್ಟದ್ದು. ಹೋದ ವರ್ಷ ಬಾಯಿ ಬಿಚ್ಚಿಟ್ಟ ಚೀಲದ ಸುಣ್ಣ ನೋಡಲು ಬೆಳ್ಳಗೇ ಇರುತ್ತದೆ, ಆದರೆ ಅದರಲ್ಲಿ ಬಹುಪಾಲು ಸೀಮೆಸುಣ್ಣದ ಪುಡಿ ಇದ್ದ ಹಾಗೆ. ಅದರ ಜೊತೆ ಕಲ್ಲು, ಮಣ್ಣು, ಸರಿಯಾಗಿ ಸುಡದ ಚೂರು. ಹಾಗಾಗಿ ಒಂದು ಕೆಜಿ ಅನ್ನುವ ಅಳತೆಯಲ್ಲಿ ಸುಣ್ಣದ ಕೊರತೆಗಳಿಗೆಲ್ಲ ಜಾಗ ಇದೆ. ದ್ರಾವಣ ಕೊನೆಗೆ ತಟಸ್ಥವಾಗಿ ಅಥವಾ ಸ್ವಲ್ಪ ಪ್ರತ್ಯಾಮ್ಲದ ಕಡೆಗೆ ನಿಲ್ಲಬೇಕು. ಕೊರತೆಯಾದರೆ ಅಪಾಯ, ತುಸು ಜಾಸ್ತಿಯಾದರೆ ತೊಂದರೆ ಕಡಿಮೆ. ನನ್ನ ಅಭಿಪ್ರಾಯದಲ್ಲಿ ತೂಕದ ಅಳತೆಯನ್ನು ಕಣ್ಣು ಮುಚ್ಚಿ ನಂಬುವುದಕ್ಕಿಂತ ಹೊಸ ಸುಣ್ಣ ತರುವುದು, ಪ್ರತಿ ಡ್ರಮ್ಮನ್ನೂ ಪರೀಕ್ಷೆ ಮಾಡುವುದು ಮುಖ್ಯ. ಒಂದೇ ಅಂಗಡಿಯ ಎರಡು ಚೀಲ ಒಂದೇ ಥರ ಇರುವುದಿಲ್ಲ.

ಸುಟ್ಟ ಸುಣ್ಣ ಅರಳಿಸುವಾಗ ಹುಷಾರಾಗಿರಬೇಕು. ಒಂದು ಕೆಜಿ ಶುದ್ಧ ಸುಟ್ಟ ಸುಣ್ಣ ನೀರಿನ ಜೊತೆ ಸೇರುವಾಗ ಹೊರಬರುವ ಶಾಖ ಸುಮಾರು ಮೂರೂವರೆ ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲದು. ಬಿಸಿ ಸುಣ್ಣ ಸಿಡಿಯುತ್ತದೆ, ಸಿಡಿದರೆ ಮೊದಲು ಬೀಳುವುದು ಮುಖಕ್ಕೆ. ಆಸಿಡ್ ಅಂದರೆ ಎಲ್ಲರೂ ಹೆದರುತ್ತಾರೆ, ಸುಣ್ಣಕ್ಕೆ ಯಾರೂ ಹೆದರುವುದಿಲ್ಲ. ಕಣ್ಣಿನ ಮಟ್ಟಿಗೆ ಇದು ತಿರುಗಾಮುರುಗಾ. ಆಮ್ಲ ಬಿದ್ದಾಗ ಕಣ್ಣಿನ ಮೇಲ್ಪದರದ ಪ್ರೋಟೀನ್ ಗಟ್ಟಿಯಾಗಿ ಸ್ವಲ್ಪ ಮಟ್ಟಿಗೆ ಅಡ್ಡ ನಿಲ್ಲುತ್ತದೆ. ಸುಣ್ಣ ಹಾಗಲ್ಲ, ಜೀವಕೋಶಗಳ ಕೊಬ್ಬನ್ನೇ ಸಾಬೂನು ಮಾಡುತ್ತ ಒಳಗೆ ಇಳಿಯುತ್ತದೆ. ಎಲೆಯಡಿಕೆಯ ಸುಣ್ಣದ ಪೊಟ್ಟಣ ಒತ್ತಿ ಆಡುವಾಗ ಕಣ್ಣಿಗೆ ಸಿಡಿದು ದೃಷ್ಟಿ ಕಳೆದುಕೊಂಡ ಮಕ್ಕಳಿದ್ದಾರೆ. ಬಿದ್ದರೆ ತಕ್ಷಣ, ಅಲ್ಲೇ, ಧಾರೆಯಾಗಿ ನೀರು ಬಿಟ್ಟು ತೊಳೆಯಬೇಕು. ರೆಪ್ಪೆ ಬಿಡಿಸಿ, ಒಳಗೆ ಚೂರು ಉಳಿಯದ ಹಾಗೆ, ಕನಿಷ್ಠ ಅರ್ಧ ಗಂಟೆ. ಆಮೇಲೆ ಆಸ್ಪತ್ರೆ. ಸುಣ್ಣಕ್ಕೆ ಹುಳಿ ಮದ್ದು ಅಂತ ನಿಂಬೆರಸ, ಮಜ್ಜಿಗೆ ಹಾಕಲೇಬಾರದು. ತಟಸ್ಥ ಆಗುವಾಗ ಶಾಖ ಬರುತ್ತದೆ ಅಂತ ಆಗಲೇ ನೋಡಿದೆವು, ಸುಟ್ಟ ಕಣ್ಣಿಗೆ ಅದು ಇನ್ನೊಂದು ಏಟು.

ಬಚ್ಚಲುಮನೆಗೆ ಸಂಬಂಧಿಸಿದ ಒಂದು ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಟಾಯ್ಲೆಟ್ ಆಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಯಾವತ್ತೂ ಒಟ್ಟಿಗೆ ಹಾಕಬೇಡಿ. ಕ್ಲೋರಿನ್ ಅನಿಲ ಹೊರಡುತ್ತದೆ, ಮುಚ್ಚಿದ ಕೋಣೆಯಲ್ಲಿ ಅದು ಪ್ರಾಣಕ್ಕೇ ಅಪಾಯ.

ಕತ್ತಿ, ಲಿಟ್ಮಸ್, ಅರಿಶಿನ

ಎರಡು ನೀರು ಸೇರುವಾಗ ಆಗುವುದು ಇಷ್ಟು. ಸುಣ್ಣದ ಹೈಡ್ರಾಕ್ಸೈಡ್ ತಾಮ್ರದ ಜೊತೆ ಕೂಡಿ ತಾಮ್ರದ ಹೈಡ್ರಾಕ್ಸೈಡ್ ಆಗುತ್ತದೆ. ಅದು ನೀರಿನಲ್ಲಿ ಕರಗುವುದಿಲ್ಲ. ತಿಳಿನೀಲಿ ಬಣ್ಣದ ಲೋಳೆಯಂಥ ನವಿರಾದ ಕಣಗಳಾಗಿ ನಿಲ್ಲುತ್ತದೆ. ಉಳಿದ ಕ್ಯಾಲ್ಸಿಯಂ, ಸಲ್ಫೇಟ್ ಸೇರಿ ಜಿಪ್ಸಂ. ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು, ಇಲ್ಲವೇ ಎರಡನ್ನೂ ಮೂರನೇ ಪಾತ್ರೆಗೆ ಒಟ್ಟಿಗೆ ಬಿಡಬೇಕು. ಸುಣ್ಣವನ್ನು ತುತ್ತಕ್ಕೆ ಸುರಿಯಬಾರದು. ತುತ್ತದ ಪ್ರತಿ ಹನಿಗೂ ಬಿದ್ದ ಕೂಡಲೇ ಸಾಕಷ್ಟು ಸುಣ್ಣ ಸಿಕ್ಕರೆ ಕಣ ಸಣ್ಣದಾಗಿ, ಅಂಟುವ ಹಾಗೆ ಬರುತ್ತದೆ. ತಿರುಗಾಮುರುಗಾ ಮಾಡಿದರೆ ಕಣ ದಪ್ಪವಾಗಿ ತಳಕ್ಕೆ ಕೂರುತ್ತದೆ. ಮಾಡಿದ ದಿನವೇ ಹೊಡೆಯಬೇಕು ಅನ್ನುವುದಕ್ಕೂ ಇದೇ ಕಾರಣ. ರಾತ್ರಿ ಕಳೆದರೆ ಕಣಗಳು ಬೆಳೆದು ಅಂಟು ಹೋಗುತ್ತದೆ.

ಕತ್ತಿಯ ಪರೀಕ್ಷೆ ನೇರವಾಗಿ ಹುಳಿಯನ್ನು ಅಳೆಯುವುದಲ್ಲ. ಕರಗಿದ ತಾಮ್ರ ನೀರಿನಲ್ಲಿ ಉಳಿದಿದ್ದರೆ ಕಬ್ಬಿಣ ತಾನು ಕರಗಿ ತಾಮ್ರವನ್ನು ಹೊರಗೆ ತಳ್ಳುತ್ತದೆ. ಹಾಗೆ ಹೊರಬಂದ ತಾಮ್ರವೇ ಅಲಗಿನ ಮೇಲಿನ ಕೆಂಪು. ಕರಗಿದ ತಾಮ್ರ ಉಳಿದಿದೆ ಅಂದರೆ ಸುಣ್ಣ ಸಾಕಾಗಿಲ್ಲ. ತಾಮ್ರ ಪೂರ್ತಿ ಹೈಡ್ರಾಕ್ಸೈಡ್ ಆಗಿದ್ದರೆ ಕತ್ತಿಗೆ ಏನೂ ಅಂಟುವುದಿಲ್ಲ. ಗಮನಿಸಿ, ಕತ್ತಿ ಇಲ್ಲಿ ಅಂಗಳ ನೋಡುತ್ತಿಲ್ಲ, ಅಟ್ಟವನ್ನೇ ನೋಡುತ್ತಿದೆ. ಹುಳಿ ಕೊಡುವ ದಾಸ್ತಾನು ಮುಗಿಯಿತೇ ಇಲ್ಲವೇ ಅನ್ನುವುದನ್ನೇ ಅದು ಹೇಳುತ್ತದೆ. ಅದಕ್ಕೇ ಇದು ನನಗೆ ಇಷ್ಟವಾದ ಪರೀಕ್ಷೆ. ತುತ್ತ ಕರಗಿಸಲು ಕಬ್ಬಿಣದ ಡ್ರಮ್, ತಗಡಿನ ಬಕೆಟ್ ಬೇಡ ಅನ್ನುವುದು ಕೂಡ ಇದರಿಂದಲೇ ಗೊತ್ತಾಗುತ್ತದೆ, ಅಲ್ಲಿ ಇಡೀ ಬಕೆಟ್ಟೇ ಕತ್ತಿಯಾಗುತ್ತದೆ.

ಲಿಟ್ಮಸ್ ಕಾಗದ ಇದ್ದರೆ ಇನ್ನೂ ಒಳ್ಳೆಯದು, ನೀಲಿ ಕಾಗದ ಕೆಂಪಾಗಬಾರದು. ಅದೂ ಇಲ್ಲದಿದ್ದರೆ ಅರಿಶಿನ ಇದೆಯಲ್ಲ. ಆರತಿ ನೀರು ಕೆಂಪಾಗುವುದು ಅರಿಶಿನಕ್ಕೆ ಸುಣ್ಣ ಸೇರಿದಾಗ. ಸಾರಿನ ಕಲೆ ಬಿದ್ದ ಅಂಗಿಗೆ ಸಾಬೂನು ಹಚ್ಚಿದರೆ ಕೆಂಪಾಗುವುದೂ ಅದರಿಂದಲೇ. ಅರಿಶಿನದ ಕರ್ಕ್ಯುಮಿನ್ ಪ್ರೋಟಾನ್ ಕಳೆದುಕೊಂಡಾಗ ಅದು ಹೀರುವ ಬೆಳಕು ಬದಲಾಗುತ್ತದೆ, ಹಳದಿ ಹೋಗಿ ಕೆಂಪು ಬರುತ್ತದೆ. ಈ ಬದಲಾವಣೆ ಶುರುವಾಗುವುದು ಪಿಎಚ್ 7.4ರ ಆಚೆ. ಅರಿಶಿನದ ನೀರು ಸವರಿ ಒಣಗಿಸಿದ ಕಾಗದಕ್ಕೆ ಒಂದು ಹನಿ ಬೋರ್ಡೋ ಹಾಕಿ ನೋಡಿದರೆ ಸುಣ್ಣ ಮಿಗಿಲಾಗಿದೆಯಾ ಗೊತ್ತಾಗುತ್ತದೆ. ಆದರೆ ಅರಿಶಿನಕ್ಕೆ ಆಮ್ಲ ಮತ್ತು ತಟಸ್ಥದ ವ್ಯತ್ಯಾಸ ಗೊತ್ತಾಗುವುದಿಲ್ಲ, ಎರಡರಲ್ಲೂ ಹಳದಿಯೇ.

ಅಡಿಕೆ ಕೊನೆಯ (ಗೊನೆಯ) ಮೇಲೆ ಕೂತ ನಂತರ

ಕೊಳೆರೋಗ ತರುವ ಫೈಟಾಫ್ತೊರಾ ನೀರಿನ ಜೀವಿ. ಅದರ ಬೀಜಾಣುಗಳು ಕಾಯಿಯ ಮೇಲಿನ ನೀರಿನ ಪದರದಲ್ಲಿ ಈಜಿಕೊಂಡು ಹೋಗಿ ಒಳಹೊಗುತ್ತವೆ. ಕರಗಿದ ತಾಮ್ರ ಅವುಗಳನ್ನು ಕೊಲ್ಲುತ್ತದೆ. ಹಾಗಾದರೆ ಸುಣ್ಣದ ಗೊಡವೆ ಬಿಟ್ಟು ಬರೀ ತುತ್ತದ ನೀರೇ ಹೊಡೆಯಬಹುದಲ್ಲ? ಹೊಡೆದರೆ ಎರಡು ನಷ್ಟ. ಅಷ್ಟೊಂದು ಕರಗಿದ ತಾಮ್ರ ಎಳೆ ಕಾಯಿ, ಸೋಗೆಯನ್ನು ಸುಡುತ್ತದೆ. ಉಳಿದದ್ದು ಮೊದಲ ಮಳೆಗೇ ತೊಳೆದು ಹೋಗುತ್ತದೆ.

ಕರಗದ ಹೈಡ್ರಾಕ್ಸೈಡ್ ಕಾಯಿಗೆ ಅಂಟಿ ಕೂರುತ್ತದೆ. ಮಿಕ್ಕ ಸುಣ್ಣ ಗಾಳಿಯ ಕಾರ್ಬನ್ ಡೈಆಕ್ಸೈಡ್‌ನಿಂದ ಕಾರ್ಬೊನೇಟ್ ಆಗಿ ಸುಮ್ಮನಾಗುತ್ತದೆ. ಆಮೇಲೆ ಮಳೆ ಬರುತ್ತದೆ. ಶುದ್ಧ ಮಳೆನೀರೂ ತಟಸ್ಥವಲ್ಲ. ಕಾರ್ಬನ್ ಡೈಆಕ್ಸೈಡ್ ಕರಗಿ ಕಾರ್ಬೊನಿಕ್ ಆಮ್ಲ ಆಗಿರುತ್ತದೆ, ಪಿಎಚ್ 5.6ರ ಸುತ್ತ. ಆ ಸಣ್ಣ ಹುಳಿ, ಜೊತೆಗೆ ಕಾಯಿಯಿಂದಲೂ ಬೀಜಾಣುವಿನಿಂದಲೂ ಒಸರುವ ಆಮ್ಲಗಳು, ಹೈಡ್ರಾಕ್ಸೈಡಿನಿಂದ ಚೂರು ಚೂರೇ ತಾಮ್ರವನ್ನು ಬಿಡಿಸುತ್ತವೆ. ಕಾಯಿ ಸುಡುವಷ್ಟಲ್ಲ, ಬೀಜಾಣು ಸಾಯುವಷ್ಟು. ಯಾವಾಗ ರೋಗ ಬರುತ್ತದೋ ಆ ಮಳೆಯೇ ಔಷಧಿಯನ್ನೂ ಬಿಡುಗಡೆ ಮಾಡುತ್ತದೆ. ಎಷ್ಟು ಚಂದದ ರಸಾಯನ! ಸುಮಾರು 40-45 ದಿನಕ್ಕೆ ಪದರ ಸವೆಯುತ್ತದೆ, ಎರಡನೇ ಸಲ ಹೊಡೆಯುವುದು ಆಗ.

ಇದನ್ನು ಯಾರೂ ಲೆಕ್ಕ ಹಾಕಿ ಕಂಡುಹಿಡಿಯಲಿಲ್ಲ. ಫ್ರಾನ್ಸಿನ ಬೋರ್ಡೋ ಪಕ್ಕದ ಮೆಡಾಕ್ ಸೀಮೆಯಲ್ಲಿ ರಸ್ತೆ ಬದಿಯ ದ್ರಾಕ್ಷಿ ಕದ್ದು ತಿನ್ನದಿರಲಿ ಅಂತ ಬೆಳೆಗಾರರು ಬಳ್ಳಿಗಳಿಗೆ ತುತ್ತ, ಸುಣ್ಣ ಬೆರೆಸಿ ಎರಚುತ್ತಿದ್ದರು. 1882ರಲ್ಲಿ ಸಸ್ಯಶಾಸ್ತ್ರಜ್ಞ ಮಿಲಾರ್ಡೆ ಆ ದಾರಿಯಲ್ಲಿ ಹೋಗುವಾಗ ಎರಚಿದ ಬಳ್ಳಿಗಳಲ್ಲಿ ಮಾತ್ರ ಎಲೆ ಉಳಿದಿದ್ದನ್ನು ಕಂಡರು. 1885ರಲ್ಲಿ ಅದನ್ನು ಪ್ರಕಟಿಸಿದರು. ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಬಂದು ಮುಂದೆ ಕೃಷಿ ಇಲಾಖೆಯ ನಿರ್ದೇಶಕರಾದ ಕೆನಡಾದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗದ ಬಗ್ಗೆ 1910ರಲ್ಲಿ ವರದಿ ಬರೆದರು, ಬೋರ್ಡೋವನ್ನು ಇಲ್ಲಿನ ತೋಟಗಳಿಗೆ ಹೊಂದಿಸಿದರು. ಅದಕ್ಕೂ ಮೊದಲು ಕೊನೆಗಳಿಗೆ ಕೊಟ್ಟೆ ಅನ್ನುವ ಹೊದಿಕೆ ಕಟ್ಟಿ ಮಳೆ ತಪ್ಪಿಸುವುದೇ ದಾರಿಯಾಗಿತ್ತು.

ಮರದ ಬುಡದ ಲೆಕ್ಕ

ಕೊನೆಯ ಮೇಲೆ ಹೊಡೆದದ್ದು ಒಂದಲ್ಲ ಒಂದು ದಿನ ಬುಡಕ್ಕೆ ಇಳಿಯುತ್ತದೆ. ಅಲ್ಲಿಯ ಮಣ್ಣು ಬೇರೆ ಕಾರಣಗಳಿಂದ ಆಗಲೇ ಹುಳಿಯಾಗಿರುತ್ತದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಜಂಬಿಟ್ಟಿಗೆ ಸೀಮೆಯಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ತೊಳೆದು ಹೋಗುತ್ತವೆ. ಯೂರಿಯಾ, ಅಮೋನಿಯಂ ಸಲ್ಫೇಟಿನ ಅಮೋನಿಯಂ ಅನ್ನು ಮಣ್ಣಿನ ಬ್ಯಾಕ್ಟೀರಿಯಾಗಳು ನೈಟ್ರೇಟ್ ಮಾಡುವಾಗ ಹೈಡ್ರೋಜನ್ ಅಯಾನು ಹೊರಬರುತ್ತದೆ. ಪಿಎಚ್ 5.5ಕ್ಕಿಂತ ಇಳಿದರೆ ಮಣ್ಣಿನ ಅಲ್ಯೂಮಿನಿಯಂ ಕರಗಲು ಶುರುವಾಗುತ್ತದೆ. ಅದು ಬೇರಿನ ತುದಿಯನ್ನು ಕುಂಠಿಸುತ್ತದೆ. ಜೊತೆಗೆ, ತಾಮ್ರದ ಹಾಗೆಯೇ ನೀರಿನ ಅಣುಗಳನ್ನು ಸುತ್ತ ಹಿಡಿದು ಪ್ರೋಟಾನ್ ಬಿಡಿಸುತ್ತದೆ. ಮೂರು ವಿದ್ಯುದಂಶ ಇರುವುದರಿಂದ ಎಳೆತ ತಾಮ್ರಕ್ಕಿಂತ ಜೋರು. ಹಲವು ವರ್ಷ ಬೋರ್ಡೋ ಬಿದ್ದ ತೋಟದಲ್ಲಿ ಸೇರಿಕೊಂಡ ತಾಮ್ರ ಕೂಡ ಹುಳಿ ಮಣ್ಣಿನಲ್ಲೇ ಜಾಸ್ತಿ ಕರಗುತ್ತದೆ.

ಇಲ್ಲಿ ಸುಣ್ಣ ಹಾಕುವಾಗ ಡ್ರಮ್ಮಿನ ಲೆಕ್ಕವೇ ಮತ್ತೆ ಎದುರಾಗುತ್ತದೆ. ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಪಿಎಚ್ 5 ಅಂತ ಇದೆ. ಪಕ್ಕದ ತೋಟದವರದ್ದೂ 5. ಅವರು ಹಾಕಿದಷ್ಟೇ ಸುಣ್ಣ ನಾವೂ ಹಾಕಿದರೆ ಸರಿ ಅನ್ನಿಸುತ್ತದೆ. ಆದರೆ ಆ ಅಂಕ ಹೇಳುವುದು ಮಣ್ಣಿನ ನೀರಿನಲ್ಲಿ ಈಗ ಓಡಾಡುತ್ತಿರುವ ಹೈಡ್ರೋಜನ್ ಅಯಾನನ್ನು ಮಾತ್ರ. ಜೇಡಿ ಕಣಗಳಿಗೂ ಗೊಬ್ಬರದ ಅಂಶಕ್ಕೂ ಅಂಟಿಕೊಂಡ ಹೈಡ್ರೋಜನ್, ಅಲ್ಯೂಮಿನಿಯಂ ಲೆಕ್ಕಕ್ಕೇ ಬಂದಿಲ್ಲ. ಮರಳು ಮಣ್ಣಿನಲ್ಲಿ ಅದು ಕಡಿಮೆ, ಜೇಡಿ ಮತ್ತು ಸೊಪ್ಪುಗೊಬ್ಬರ ಜಾಸ್ತಿ ಇರುವ ಮಣ್ಣಿನಲ್ಲಿ ಹಲವು ಪಟ್ಟು. ಒಂದೇ ಪಿಎಚ್ ಇದ್ದರೂ ಎರಡನೆಯದಕ್ಕೆ ಹಲವು ಪಟ್ಟು ಸುಣ್ಣ ಬೇಕಾದೀತು. ಇದನ್ನು ಅಳೆಯಲು ಪ್ರಯೋಗಾಲಯದಲ್ಲಿ ಮಣ್ಣಿಗೆ ಗೊತ್ತಾದ ಪ್ರಮಾಣದ ಬಫರ್ ದ್ರಾವಣ (ಪಿಎಚ್ ಸುಲಭಕ್ಕೆ ಬದಲಾಗದ ದ್ರಾವಣ) ಸೇರಿಸಿ, ಅದರ ಪಿಎಚ್ ಎಷ್ಟು ಇಳಿಯಿತು ಅಂತ ನೋಡುತ್ತಾರೆ. ಜಾಸ್ತಿ ಇಳಿದರೆ ಒಳಗಿನ ದಾಸ್ತಾನು ಜಾಸ್ತಿ. ಮಣ್ಣು ಕೊಡುವಾಗ ಪಿಎಚ್ ಜೊತೆಗೆ ಸುಣ್ಣದ ಅಗತ್ಯವನ್ನೂ ಬರೆದುಕೊಡಿ ಅಂತ ಕೇಳಿ, ಎಕರೆಗೆ ಎಷ್ಟು ಹಾಕಬೇಕು ಅನ್ನುವುದು ಆ ಅಂಕದಲ್ಲಿರುತ್ತದೆ.